ಪಡಸಾಲಿಯೊಳಗ ಟಿ.ವಿ. ಕೂತ ಜಾಗ

ಅಕ್ಕಲಕೋಟ, ಜತ್ತ ಸೀಮೆಯ ನಮ್ಮ ಕನ್ನಡ ಮಂದಿಯ ಹಳೇ ಮನಿ ಅಂದರೆ ದಪ್ಪನ್ನ ಮಣ್ಣಿನ ಗೋಡಿ, ಮ್ಯಾಲೆ ಮಣ್ಣಿನ ಮಾಳಿಗಿ, ನಡುವೆ ಪಡಸಾಲಿ. ಆ ಮನಿಯೊಳಗ ಪ್ರತಿ ಸಾಮಾನಿಗೂ ಒಂದು ಜಾಗ ಇತ್ತು. ದೀಪಕ್ಕೆ ಗೋಡಿಯ ಗೂಡು, ಹಿತ್ತಾಳಿ ಪಾತ್ರೆಗೆ ನಾಗೊಂದಿಗಿ, ಹೆಗಲ ಮ್ಯಾಲಿನ ವಸ್ತ್ರಕ್ಕೆ ಗೂಟ. ಭಜನಿಯ ಏಕತಾರಿ, ದಮ್ಮಡಿ ಕೂಡ ಒಂದು ಗೂಟಕ್ಕೆ ತೂಗಾಡತಿದ್ದವು. ಈ ಲೆಕ್ಕದೊಳಗ ಇರದೆ ಹೊರಗಿಂದ ಬಂದದ್ದು ಟಿ.ವಿ. ಅದು ನಮ್ಮ ಮನಿಯೊಳಗ ಎಲ್ಲೆಲ್ಲಿ ಕೂತಿತು, ಈಗ ಸ್ವಲ್ಪ ಖರ್ಚಿನಾಗ ಅದನ್ನ ಮನಿಗೆ ಒಪ್ಪುವ ಹಂಗ ಹ್ಯಾಂಗ ಕೂಡಿಸಬಹುದು ಅಂತ ನಾಲ್ಕು ಮಾತು ಬರಿಯುತ್ತೇನೆ.

ನಮ್ಮ ದೇಶದಾಗ ಟಿ.ವಿ. ಮೊದಲು ಶುರುವಾದದ್ದು ದೆಹಲಿಯಲ್ಲಿ, 1959ರ ಸೆಪ್ಟೆಂಬರ್ 15ರಂದು. ಮುಂಬಯಿಗೆ ಬಂದದ್ದು 1972ರ ಅಕ್ಟೋಬರ್ 2ಕ್ಕೆ. ಹಳ್ಳಿಗೆ ಬಂದ ಕತಿ ಬ್ಯಾರೆ. 1975ರ ಆಗಸ್ಟ್ 1ರಿಂದ ಒಂದು ವರ್ಷ, ಅಮೆರಿಕದವರ ಉಪಗ್ರಹದ ಮೂಲಕ ಆರು ರಾಜ್ಯದ ಸುಮಾರು 2400 ಹಳ್ಳಿಗೆ ಸರಕಾರ ಟಿ.ವಿ. ತೋರಿಸಿತು. ಅದಕ್ಕೆ 'ಸೈಟ್' ಯೋಜನೆ ಅಂತಿದ್ದರು. ಕರ್ನಾಟಕದ ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳು ಅದರಾಗ ಇದ್ದವು. ಕಾರ್ಯಕ್ರಮ ಕನ್ನಡದಾಗೇ ಬರತಿತ್ತು. ಮಹಾರಾಷ್ಟ್ರ ಆ ಆರು ರಾಜ್ಯದೊಳಗ ಇರಲಿಲ್ಲ. ಹಿಂಗಾಗಿ ಗಡಿಯ ಆಚೆ ಬೀಗರ ಊರಾಗ ಕನ್ನಡ ಟಿ.ವಿ., ಈಚೆ ನಮ್ಮೂರಾಗ ಕತ್ತಲಿ. ನೋಡ್ರಿ, ಮಾತು ಒಂದೇ, ಮಣ್ಣು ಒಂದೇ, ನಡುವೆ ಗೆರಿ ಮಾತ್ರ ಬ್ಯಾರೆ.

ಆ ಟಿ.ವಿ. ಯಾರ ಮನಿಯೊಳಗೂ ಇರಲಿಲ್ಲ. ಅದು ಊರಿನ ಟಿ.ವಿ. ಶಾಲಿ ಅಥವಾ ಪಂಚಾಯತಿಯ ಮುಂದ ಮಂದಿ ಕೂತು ನೋಡಿ, ಮುಗಿದ ಮ್ಯಾಲೆ ಎದ್ದು ಮನಿಗೆ ಹೋಗತಿದ್ದರು. ನೋಡುವ ಜಾಗ ಬ್ಯಾರೆ, ಇರುವ ಜಾಗ ಬ್ಯಾರೆ. ಉಪಗ್ರಹದ ಅವಧಿ ಮುಗಿದ ಮ್ಯಾಲೆ 1977ರಲ್ಲಿ ಗುಲ್ಬರ್ಗಾದಾಗ ನೆಲದ ಮ್ಯಾಲಿನ ಪ್ರಸಾರ ಕೇಂದ್ರ ಬಂತು.

1982ರಲ್ಲಿ ದೆಹಲಿಯ ಏಷ್ಯಾಡ್ ಆಟದ ಹೊತ್ತಿಗೆ ಬಣ್ಣದ ಟಿ.ವಿ. ಬಂತು. ಅದರ ನಂತರ ಊರಿನ ಒಬ್ಬಿಬ್ಬರು ಉಳ್ಳವರ ಮನಿಗೂ ಕಪ್ಪು-ಬಿಳಿ ಟಿ.ವಿ. ಬರಲಿಕ್ಕೆ ಹತ್ತಿದವು. ಸಾಲಿಡೇರ್, ಡಯನೋರಾ, ಕ್ರೌನ್ ಅಂತ ಹೆಸರು. ಆಗಿನ ಎಷ್ಟೋ ಟಿ.ವಿ.ಗಳು ಕಟ್ಟಿಗಿಯ ಪೆಟ್ಟಿಗಿಯೊಳಗ ಇರತಿದ್ದವು. ಕೆಳಗ ನಾಲ್ಕು ಕಾಲು, ಮುಂದ ಎಡಕ್ಕೂ ಬಲಕ್ಕೂ ಸರಿಯುವ ಶಟರು. ಕೆಲವಕ್ಕೆ ಕೀಲಿ ಸಹ ಇತ್ತು. ನೋಡುವಾಗ ತಗಿ, ಮುಗಿದ ಕೂಡಲೆ ಮುಚ್ಚು. ಮುಚ್ಚಿದರೆ ಅದು ಟಿ.ವಿ. ಅಲ್ಲ, ಒಂದು ಕಪಾಟು. ಮನಿಯ ಬಾಕಿ ಕಟ್ಟಿಗಿ ಸಾಮಾನಿನೊಳಗ ಒಂದಾಗಿ ಕೂತು ಬಿಡತಿತ್ತು.

1987ರ ಜನವರಿಯಿಂದ ರವಿವಾರ ಮುಂಜಾನೆ ರಾಮಾಯಣ, 1988ರ ಅಕ್ಟೋಬರದಿಂದ ಮಹಾಭಾರತ. ಆಗ ಟಿ.ವಿ.ಗೆ ಕುಂಕುಮ ಹಚ್ಚಿ, ಹೂ ಏರಿಸಿ, ಊದಿನಕಡ್ಡಿ ಹಚ್ಚಿದವರು ದೇಶದ ತುಂಬ ಇದ್ದರು. ಅದಕ್ಕೆ ದೇವರ ಜಾಗ ಸಿಕ್ಕಿತು. ಹೆಣ್ಣುಮಕ್ಕಳು ಅಂಚಿಗೆ ಕಸೂತಿ ಹಾಕಿದ ಬಟ್ಟಿ ಹೊದಿಸಿದರು. ಕೆಲವರು ಸೊಲ್ಲಾಪುರದ ಚಾದರನ್ನೇ ಮಡಚಿ ಹೊದಿಸಿದರು. ಧೂಳಿಗಂತ ಹೊದಿಸಿದರೂ ಆ ಬಟ್ಟಿ ಶಟರಿನ ಕೆಲಸಾನ ಮಾಡಿತು.

ಮುಂದ ಕೇಬಲ್ ಬಂತು, ಛತ್ರಿ ಬಂತು. ಹಗಲು ರಾತ್ರಿ ಕಾರ್ಯಕ್ರಮ. ಶಟರು ಹೋತು, ಬಟ್ಟಿ ಹೋತು. ಈಗಿನ ಚಪ್ಪಟಿ ಟಿ.ವಿ. ಗೋಡಿಯ ನಟ್ಟನಡುವೆ ಕರೀ ಹಲಗಿ ಹಂಗ ತೂಗತದ. ಬಂದ್ ಇದ್ದರೂ ಎಲ್ಲರ ಮುಖ ಆ ಕಡೆನ. ನಮ್ಮ ಗಡಿ ಮಂದಿಗೆ ಇದು ಸಣ್ಣ ಮಾತಲ್ಲ. ಸಂತಿಯೊಳಗ ಮರಾಠಿ, ಕಚೇರಿಯೊಳಗ ಮರಾಠಿ. ಆ ಭಾಷಾನೂ ನಮ್ಮದ, ಅದರ ಮ್ಯಾಲೆ ಸಿಟ್ಟಿಲ್ಲ. ಆದರೆ ಕನ್ನಡಕ್ಕೆ ಉಳಿದದ್ದು ಕನ್ನಡ ಶಾಲಿ ಮತ್ತು ಈ ಪಡಸಾಲಿ. ಬೀಸುವ ಕಲ್ಲಿನ ಹಾಡು, ಸೋಬಾನ, ಭಜನಿ ಪದ ಬಾಯಿಂದ ಬಾಯಿಗೆ ದಾಟುವ ಜಾಗ ಇದು. ಆ ಜಾಗದಾಗ ಟಿ.ವಿ. ಯಜಮಾನನಂಗ ಕೂತರೆ ಮುದುಕಿಯ ಹಾಡು ಗಂಟಲಾಗ ಉಳಿತದ.

ಟಿ.ವಿ. ಒಗೀರಿ ಅಂತ ನಾನು ಹೇಳೂದಿಲ್ಲ. ಕನ್ನಡ ಸುದ್ದಿ, ಕನ್ನಡ ಹಾಡು ಅದರಾಗೂ ಬರತಾವ. ಅದಕ್ಕೆ ಮತ್ತ ಬಾಗಲ ಹಚ್ಚೋಣ ಅಂತೇನಿ. ಹಾಸಿಗಿ ಇದ್ದಷ್ಟ ಕಾಲು ಚಾಚಬೇಕು, ಅದಕ್ಕೆ ಮನಿಯೊಳಗ ಇದ್ದದ್ದರಾಗೇ ಮಾಡುವ ದಾರಿ ಬರದೇನಿ.

ಹಳೇ ಮನಿಯ ಗೋಡಿಯೊಳಗ ಎರಡು ಬಾಗಲಿನ ಕಪಾಟು ಇದ್ದರೆ ಅದೇ ಉತ್ತಮ ಜಾಗ. 32 ಇಂಚಿನ ಟಿ.ವಿ. ಅಡ್ಡ ಅಳತಿ ಒಂದೂವರಿ ಮೊಳಕ್ಕಿಂತ ತುಸು ಜಾಸ್ತಿ, ಎತ್ತರ ಒಂದು ಮೊಳದ ಆಸುಪಾಸು. ಕಪಾಟು ಸಣ್ಣದಿದ್ದರೆ ಟಿ.ವಿ.ನೂ ಸಣ್ಣದು ತರಬೇಕು. ಗೋಡಿ ಕೊರಿಯಬಾರದು, ಮಾಳಿಗಿಯ ಭಾರ ಅದರ ಮ್ಯಾಲೆ ಇರತದ. ಕಪಾಟಿನ ನಡುವಿನ ಹಲಗಿ ತಗದು, ಸುತ್ತ ನಾಲ್ಕು ಬೆರಳು ಸಂದಿ ಬಿಟ್ಟು ಇಡ್ರಿ, ಕಾವು ಹೊರಗ ಹೋಗಬೇಕು.

ಕಪಾಟು ಇಲ್ಲದಿದ್ದರೆ ಗೋಡಿಗೆ ಹಚ್ಚಿ ಗಿಡ್ಡ ಕಟ್ಟಿ ಕಟ್ಟಿಸಿ ಅದರ ಮ್ಯಾಲೆ ಇಡಬಹುದು. ಮಣ್ಣಿನ ಗೋಡಿಯೊಳಗ ಮೊಳಿ, ಸ್ಕ್ರೂ ಗಟ್ಟಿ ನಿಲ್ಲೂದಿಲ್ಲ, ತೂಗು ಹಾಕಬ್ಯಾಡ್ರಿ. ಅಂಗಡಿಯಿಂದ ಬಂದವರು ಖುರ್ಚಿಯ ಲೆಕ್ಕದಾಗ ಮ್ಯಾಲೆ ಹಚ್ಚತಾರ. ನಾವು ನೆಲದ ಮ್ಯಾಲೆ ಕೂಡುವವರು, ನಮ್ಮ ಕಣ್ಣು ನೆಲದಿಂದ ಎರಡೂವರಿ ಫೂಟಿನ ಹತ್ತಿರ ಇರತದ. ಅಷ್ಟಕ್ಕೆ ಇಟ್ಟರೆ ಕುತ್ತಿಗಿ ನೋಯೂದಿಲ್ಲ. ಇನ್ನೊಂದು ಲಾಭ ಅಂದರೆ, ಮ್ಯಾಲೆ ಸುಣ್ಣ, ಕೆಳಗ ಕೆಮ್ಮಣ್ಣು ಬಳಿದ ಗೋಡಿಯಾಗಿದ್ದರೆ ಟಿ.ವಿ. ಆ ಕೆಮ್ಮಣ್ಣಿನ ಪಟ್ಟಿಯೊಳಗ ಬರತದ. ಬಿಳೀ ಗೋಡಿ ಮ್ಯಾಲೆ ಕಣ್ಣಿಗೆ ಹೊಡಿಯುವ ಕರೀ ಬಣ್ಣ ಕೆಂಪಿನೊಳಗ ಅಡಗತದ.

ಮುಂದ ಒಂದು ಕೋಲು ಕಟ್ಟಿ ಹಳೇ ಇಳಕಲ್ ಸೀರಿಯನ್ನು ಪರದಿ ಮಾಡಿ ಬಿಡ್ರಿ. ನೋಡುವಾಗ ಪೂರ್ತಿ ಸರಿಸಬೇಕು. ಬಂದ್ ಮಾಡಿ, ಕಾವು ಆರಿದ ಮ್ಯಾಲೆ ಎಳೀಬೇಕು. ಹಳೇ ಬಾಗಲ ಚೌಕಟ್ಟಿನ ಕಟ್ಟಿಗಿ ಇದ್ದರೆ ಬಡಗ್ಯಾರ ಕೈಲೆ ಸುತ್ತ ಒಂದು ಚೌಕಟ್ಟು ಮಾಡಿಸಬಹುದು. ಮಳಿಗಾಲದಾಗ ಸೋರುವ ಗೋಡಿ ಮಾತ್ರ ಬ್ಯಾಡ.

ನಮ್ಮ ಕನ್ನಡ ಶಾಲಿಯ ಗುರುಗಳಲ್ಲಿ ಒಂದು ವಿನಂತಿ. ನಿಮ್ಮ ಮನಿಗೆ ಮೊದಲ ಟಿ.ವಿ. ಯಾವಾಗ ಬಂತು, ಎಲ್ಲಿ ಇಟ್ಟರು, ಅದಕ್ಕಿಂತ ಮೊದಲು ಆ ಜಾಗದಾಗ ಏನಿತ್ತು ಅಂತ ಮಕ್ಕಳಿಗೆ ಅಜ್ಜ-ಅಜ್ಜಿಯನ್ನು ಕೇಳಿ ಬರಿಯಲಿಕ್ಕೆ ಹೇಳ್ರಿ. ಹಾಂಗ ಕೇಳುವಾಗ ಒಂದೆರಡು ಹಾಡೂ ಸಿಗತಾವ. ಊರಿನ ಚರಿತ್ರೆ ಅರಮನಿಯೊಳಗಷ್ಟ ಅಲ್ಲ, ಪಡಸಾಲಿಯ ಗೋಡಿಯೊಳಗೂ ಅದ.