ಸಂತ ಕ್ಯಾಥರೀನಳ ಹಬ್ಬ ಮತ್ತು ಆದಿಲಶಾಹಿ ಇತಿಹಾಸ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯನ್ನು ಆಳಿದ ವಿಜಯಪುರದ ಆದಿಲಶಾಹಿಗಳು ಗೋವೆಯನ್ನು ಪೋರ್ಚುಗೀಸರಿಗೆ ಕಳೆದುಕೊಂಡ ದಿನಕ್ಕೆ ಒಬ್ಬ ಕ್ಯಾಥೊಲಿಕ್ ಸಂತಳ ಹೆಸರಿದೆ. 1510ರ ನವೆಂಬರ್ 25, ಅಲೆಕ್ಸಾಂಡ್ರಿಯಾದ ಸಂತ ಕ್ಯಾಥರೀನಳ ಹಬ್ಬ. ಪೋರ್ಚುಗೀಸ್ ಬರಹಗಾರರು ದಿನಗಳನ್ನು ಅನೇಕ ವೇಳೆ ಸಂತರ ಹಬ್ಬಗಳಿಂದ ಗುರುತಿಸುತ್ತಿದ್ದರು. ಆದ್ದರಿಂದ ಹಬ್ಬಗಳ ಈ ಪಂಚಾಂಗ ನಮ್ಮ ಪ್ರಾದೇಶಿಕ ಇತಿಹಾಸಕ್ಕೂ ಒಂದು ಆಕರ ಎಂಬುದು ನನ್ನ ವಾದ.

ಕ್ಯಾಥೊಲಿಕ್ ಸಂಪ್ರದಾಯದಲ್ಲಿ ಸಂತರ ಹಬ್ಬ ಸಾಮಾನ್ಯವಾಗಿ ಅವರು ತೀರಿಕೊಂಡ ದಿನ. ಸೂಫಿಗಳ ಉರುಸನ್ನೂ ಮಠಗಳ ಪುಣ್ಯಾರಾಧನೆಯನ್ನೂ ನೋಡಿ ಬೆಳೆದ ಈ ಭಾಗದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನವೆಂಬರ್ 1ರ ಸಕಲ ಸಂತರ ಹಬ್ಬ, ಮರುದಿನದ ಮೃತರ ಸ್ಮರಣೆ, 25ರ ಕ್ಯಾಥರೀನಳ ಹಬ್ಬ, 30ರ ಸಂತ ಅಂದ್ರೆಯ ಹಬ್ಬ, ಡಿಸೆಂಬರ್ 3ರ ಸಂತ ಫ್ರಾನ್ಸಿಸ್ ಝೇವಿಯರ್ ಹಬ್ಬ ಒಂದರ ಹಿಂದೊಂದು ಬರುತ್ತವೆ. ಇವುಗಳಲ್ಲಿ ಕ್ಯಾಥರೀನಳದು ಮತ್ತು ಝೇವಿಯರರದು ದಖನಿನ ರಾಜಕೀಯಕ್ಕೆ ನೇರವಾಗಿ ತಗುಲಿದವು.

ಗೋವೆ ಬಿದ್ದದ್ದು ಈ ಹೊತ್ತಿನಲ್ಲೇ ಏಕೆ? ಉತ್ತರ ಮಳೆಗಾಳಿಯಲ್ಲಿದೆ. ಹೊನ್ನಾವರದ ಕಡೆಯ ತಿಮ್ಮೋಜನ ಪ್ರೇರಣೆಯಿಂದ ಪೋರ್ಚುಗೀಸರ ನಾಯಕ ಅಲ್ಬುಕರ್ಕ್ ಆ ವರ್ಷದ ಮೊದಲ ಭಾಗದಲ್ಲೇ ಊರನ್ನು ಒಮ್ಮೆ ಹಿಡಿದಿದ್ದ. ಆದಿಲಶಾಹಿ ಪಡೆ ಮೇ ತಿಂಗಳಲ್ಲಿ ಅದನ್ನು ಮರಳಿ ಗೆದ್ದಿತು. ಮುಂಗಾರು ಇಳಿದು ಕಡಲು ಕೆರಳಿದ್ದರಿಂದ ಪೋರ್ಚುಗೀಸ್ ಹಡಗುಗಳು ಮಾಂಡೋವಿ ನದಿಯಲ್ಲೇ ಸಿಕ್ಕಿಬಿದ್ದು ಆಗಸ್ಟ್‌ವರೆಗೆ ಹಸಿವಿನಲ್ಲಿ ಕಾಯಬೇಕಾಯಿತು. ಕಡಲು ಶಾಂತವಾದ ಮೇಲೆ ಅವರು ದೊಡ್ಡ ಪಡೆಯೊಂದಿಗೆ ತಿರುಗಿ ಬಂದರು. ಅಷ್ಟರಲ್ಲಿ ಸುಲ್ತಾನ ಯೂಸುಫ್ ಆದಿಲ್ ಶಾ ತೀರಿಕೊಂಡು ಬಾಲಕ ಇಸ್ಮಾಯಿಲ್ ಪಟ್ಟಕ್ಕೆ ಬಂದಿದ್ದ. ಗೆಲುವನ್ನು ಪೋರ್ಚುಗೀಸರು ಸಂತಳ ಕೃಪೆಗೆ ಒಪ್ಪಿಸಿದರು. ಆದರೆ ಇತಿಹಾಸಕಾರ ಋತುಮಾನವನ್ನೂ ವಿಜಯಪುರದ ದುರ್ಬಲ ಗಳಿಗೆಯನ್ನೂ ಲೆಕ್ಕಕ್ಕೆ ಹಿಡಿಯಲೇಬೇಕು.

ಆ ಗೆಲುವಿನ ಬೆಲೆಯನ್ನು ಮರೆಯಬಾರದು. ನಾಲ್ಕು ದಿನ ನಡೆದ ಮುಸ್ಲಿಮರ ಕೊಲೆಯನ್ನು ಅಲ್ಬುಕರ್ಕನೇ ಡಿಸೆಂಬರ್ 22ರಂದು ತನ್ನ ದೊರೆಗೆ ಬರೆದ ಪತ್ರದಲ್ಲಿ ವರದಿ ಮಾಡಿದ್ದಾನೆ. ಸತ್ತವರು ಆರು ಸಾವಿರ ಎಂಬುದು ಅವನದೇ ಲೆಕ್ಕ. ಹಬ್ಬದ ಸಂಭ್ರಮವನ್ನು ದಾಖಲಿಸುವ ಯಾವ ಬರವಣಿಗೆಯೂ ಈ ಪತ್ರವನ್ನು ಪಕ್ಕಕ್ಕಿಟ್ಟುಕೊಳ್ಳದೆ ಪೂರ್ಣವಾಗದು.

ತಾನು ಒಳನುಗ್ಗಿದ ಬಾಗಿಲ ಬಳಿ ಅಲ್ಬುಕರ್ಕ್ ಸಂತ ಕ್ಯಾಥರೀನಳ ಪ್ರಾರ್ಥನಾಲಯ ಕಟ್ಟಿಸಿದ. ಗವರ್ನರ್ ಜೋರ್ಜ್ ಕಬ್ರಾಲ್ 1550ರಲ್ಲಿ ಅದನ್ನು ವಿಸ್ತರಿಸಿ, ಆ ಪ್ರವೇಶವನ್ನು ನೆನಪಿಸುವ ಶಿಲಾಶಾಸನ ಹಾಕಿಸಿದ. 1562ರಲ್ಲಿ ಆರಂಭವಾದ ಸೆ ಕಥೆಡ್ರಲ್ಲಿಗೂ ಆಕೆಯೇ ಒಡತಿ. ತಾರೀಖಿನ ಬಗ್ಗೆ ಒಂದು ಎಚ್ಚರಿಕೆ ಬೇಕು. 1582ರ ಗ್ರೆಗೋರಿಯನ್ ತಿದ್ದುಪಡಿಗೆ ಮುಂಚಿನ ಆ ನವೆಂಬರ್ 25 ಇಂದಿನ ಲೆಕ್ಕದಲ್ಲಿ ಡಿಸೆಂಬರ್ 5 ಆಗುತ್ತದೆ. ಹಿಜರಿಯಲ್ಲಿ ಅದು 916ರ ಶಾಬಾನ್. ವಿಜಯಪುರದಲ್ಲಿ ಕುಳಿತು ಬರೆದ ಫಿರಿಶ್ತಾನ ಪರ್ಷಿಯನ್ ಚರಿತ್ರೆಯನ್ನು ಪೋರ್ಚುಗೀಸ್ ಕಾಗದಪತ್ರಗಳ ಜೊತೆ ಓದುವವರಿಗೆ ಈ ಮೂರೂ ಗಣನೆ ಕೈಯಲ್ಲಿರಬೇಕು.

ಇಷ್ಟಾಗಿಯೂ ಕ್ಯಾಥರೀನಳ ಚಾರಿತ್ರಿಕತೆಯೇ ಗಟ್ಟಿಯಿಲ್ಲ. ನಾಲ್ಕನೆಯ ಶತಮಾನದವಳೆಂದೂ ಐವತ್ತು ವಿದ್ವಾಂಸರನ್ನು ವಾದದಲ್ಲಿ ಗೆದ್ದವಳೆಂದೂ ಐತಿಹ್ಯ ಹೇಳುತ್ತದೆ. ಸಮಕಾಲೀನ ಸಾಕ್ಷ್ಯ ಇಲ್ಲ. ಆಧಾರ ಸಾಲದೆಂದು 1969ರಲ್ಲಿ ಆಕೆಯ ಹಬ್ಬವನ್ನು ಸಾರ್ವತ್ರಿಕ ಪಂಚಾಂಗದಿಂದ ತೆಗೆಯಲಾಯಿತು. 2002ರಲ್ಲಿ ಐಚ್ಛಿಕ ಸ್ಮರಣೆಯಾಗಿ ಮತ್ತೆ ಸೇರಿಸಲಾಯಿತು.

ಝೇವಿಯರರ ವಿಷಯ ಬೇರೆ. ಅವರು 1542ರ ಮೇ 6ರಂದು ಗೋವೆಗೆ ಬಂದಿಳಿದರು, 1552ರ ಡಿಸೆಂಬರ್ 3ರಂದು ಚೀನಾದ ಅಂಚಿನ ದ್ವೀಪವೊಂದರಲ್ಲಿ ತೀರಿಕೊಂಡರು. ಪಾರ್ಥಿವ ಶರೀರ 1554ರಲ್ಲಿ ಗೋವೆ ಸೇರಿತು. ಸಂತ ಪದವಿ 1622ರಲ್ಲಿ ದೊರೆಯಿತು. 1683ರಲ್ಲಿ ಮರಾಠಾ ದೊರೆ ಸಂಭಾಜಿಯ ಸೈನ್ಯ ಹೊಸ್ತಿಲಿಗೆ ಬಂದಾಗ ವೈಸರಾಯ್ ತನ್ನ ಅಧಿಕಾರದಂಡವನ್ನು ಇವರ ದೇಹದ ಬಳಿ ಇಟ್ಟು ರಕ್ಷಣೆ ಬೇಡಿದ. ಅಷ್ಟರಲ್ಲಾಗಲೇ ಗೆದ್ದುಕೊಟ್ಟ ಸಂತಳಿಗಿಂತ ಕಾಯುವ ಸಂತರು ಜನರಿಗೆ ಹತ್ತಿರವಾಗಿದ್ದರು. ಮೂರು ವರ್ಷಗಳ ನಂತರ ವಿಜಯಪುರವೇ ಔರಂಗಜೇಬನ ಪಾಲಾಯಿತು. ಇಂದು ಝೇವಿಯರ್ ಹಬ್ಬಕ್ಕೆ ಮುಂಚೆ ನವೆಂಬರ್ 24ರಿಂದ ನಡೆಯುವ ಒಂಬತ್ತು ದಿನಗಳ ಪ್ರಾರ್ಥನೆಯಾದ ನೊವೇನಕ್ಕೆ ಬೆಳಗಾವಿ ಕಡೆಯಿಂದ ಭಕ್ತರು ಕಾಲ್ನಡಿಗೆಯಲ್ಲೇ ಹೋಗುತ್ತಾರೆ.

ಗೋವೆಯ ಪಾದ್ರಿಗಳು ವಿಜಯಪುರಕ್ಕೆ ಹೊರಗಿನವರಾಗಿಯೇ ಉಳಿಯಲಿಲ್ಲ. ಒಂದನೇ ಅಲಿ ಆದಿಲ್ ಶಾ ಕರೆಸಿಕೊಂಡದ್ದರಿಂದ ಜೆಸ್ವಿಟ್ ಗೊನ್ಸಾಲೊ ರೊಡ್ರಿಗಸ್ 1561ರಲ್ಲಿ ಅವನ ಆಸ್ಥಾನಕ್ಕೆ ಹೋಗಿದ್ದ. ಮುದ್ದೇಬಿಹಾಳದ ಆಚೆ, ಕೃಷ್ಣೆಯನ್ನು ದಾಟಿದರೆ ಸಿಗುವ ಮುದಗಲ್ಲಿನಲ್ಲಿ ಗೋವೆಯ ಪಾದ್ರಿಗಳಿಂದ ಬೆಳೆದ ಹಳೆಯ ಕ್ಯಾಥೊಲಿಕ್ ನೆಲೆ ಇದೆ. ಮೊಹರಮ್ಮಿಗೆ ಹೆಸರಾದ ಊರೂ ಅದೇ. ವಿಜಯಪುರ ಜಿಲ್ಲೆ ಈಗ 2005ರಲ್ಲಿ ಸ್ಥಾಪನೆಯಾದ ಕಲಬುರಗಿ ಧರ್ಮಪ್ರಾಂತ್ಯಕ್ಕೆ ಸೇರಿದೆ. ಆದಿಲಶಾಹಿಯನ್ನು ಕಳೆದುಕೊಂಡ ಬಂದರುಗಳ ಮೂಲಕ ಮಾತ್ರವಲ್ಲದೆ, ಅದು ನೆಲೆ ಕೊಟ್ಟ ಈ ಸಮುದಾಯಗಳ ಮೂಲಕವೂ ಓದಬೇಕಾದ ಕೆಲಸ ಮುದಗಲ್ಲಿನಿಂದಲೇ ಶುರುವಾಗಬೇಕು.