ಐದು ನಿಮಿಷದ ಲೆಕ್ಕ

1859ರ ಸೆಪ್ಟೆಂಬರ್ 1ರಂದು ಇಂಗ್ಲೆಂಡಿನ ರೆಡ್‌ಹಿಲ್‌ನಲ್ಲಿ ಖಗೋಳವೀಕ್ಷಕ ರಿಚರ್ಡ್ ಕ್ಯಾರಿಂಗ್ಟನ್ ಎಂದಿನಂತೆ ಗಾಜಿನ ಫಲಕದ ಮೇಲೆ ಸೂರ್ಯಬಿಂಬ ಬೀಳಿಸಿಕೊಂಡು ಸೌರಕಲೆಗಳ ಚಿತ್ರ ಬರೆಯುತ್ತಿದ್ದ. ಬೆಳಿಗ್ಗೆ 11.18ಕ್ಕೆ ಕಲೆಗಳ ಗುಂಪಿನ ಮೇಲೆ ಕಣ್ಣು ಕೋರೈಸುವ ಎರಡು ಬೆಳಕುಗಳು ಹೊತ್ತಿಕೊಂಡವು, 11.23ರ ಹೊತ್ತಿಗೆ ಆರಿಹೋದವು. ಕಲೆಗಳು ಮಾತ್ರ ಮೊದಲಿದ್ದಂತೆಯೇ ಇದ್ದವು. ಸೌರಜ್ವಾಲೆ ಎಂದು ಇಂದು ಕರೆಯುವ ಇಂಥ ಸ್ಫೋಟದ ಬಗ್ಗೆ ಮುಂದೆ ಹುಟ್ಟಿದ ಸಿದ್ಧಾಂತಗಳನ್ನೆಲ್ಲ ಒರೆಗೆ ಹಚ್ಚಿದ್ದು ಈ ಐದು ನಿಮಿಷಗಳೇ ಎಂಬುದು ನನ್ನ ವಾದ. ಒಬ್ಬನ ಕಣ್ಣನ್ನು ಅಷ್ಟು ನಂಬಬಹುದೇ ಎಂದರೆ, ಮತ್ತೊಬ್ಬ ವೀಕ್ಷಕ ರಿಚರ್ಡ್ ಹಾಡ್ಗ್‌ಸನ್ ಬೇರೊಂದು ಕಡೆಯಿಂದ ಅದನ್ನೇ ಕಂಡಿದ್ದ. ಕ್ಯೂ ವೀಕ್ಷಣಾಲಯದ ಕಾಂತಮಾಪಕವೂ ಅದೇ ಗಳಿಗೆಯಲ್ಲಿ ಕದಲಿತ್ತು.

ಜ್ವಾಲೆಯ ಶಕ್ತಿಯ ಮೂಲ ಹುಡುಕುವುದು ಅಷ್ಟೇನೂ ಕಷ್ಟವಾಗಲಿಲ್ಲ. ಸೌರಕಲೆಗಳಲ್ಲಿ ಬಲವಾದ ಕಾಂತಕ್ಷೇತ್ರವಿದೆ ಎಂದು ಜಾರ್ಜ್ ಹೇಲ್ 1908ರಲ್ಲಿ ತೋರಿಸಿದ್ದರು. ಎದುರುಬದುರು ದಿಕ್ಕಿನ ಕ್ಷೇತ್ರಗಳು ಪರಸ್ಪರ ಅಳಿಸಿಹಾಕುವ ಜಾಗದಲ್ಲೇ ಜ್ವಾಲೆ ಹುಟ್ಟಬಹುದೆಂದು 1946ರಲ್ಲಿ ರೊನಾಲ್ಡ್ ಜಿಯೊವನೆಲ್ಲಿ ಸೂಚಿಸಿದರು. ಅಲ್ಲಿ ಕಾಂತರೇಖೆಗಳು ಕಡಿದು ಹೊಸದಾಗಿ ಕೂಡಿಕೊಳ್ಳುತ್ತವೆ; ಎಳೆದು ಹಿಡಿದ ಕವಣೆಯ ಪಟ್ಟಿ ಬಿಟ್ಟಂತೆ, ವಿದ್ಯುದಾವೇಶದ ಬಿಸಿ ಅನಿಲವಾದ ಪ್ಲಾಸ್ಮಾವನ್ನು ರಭಸದಿಂದ ಎಸೆಯುತ್ತವೆ. ತೊಡಕಿದ್ದದ್ದು ವೇಗದಲ್ಲಿ. 1950ರ ದಶಕದಲ್ಲಿ ಪೀಟರ್ ಸ್ವೀಟ್ ಮತ್ತು ಯುಜೀನ್ ಪಾರ್ಕರ್ ಲೆಕ್ಕ ಹಾಕಿದಾಗ, ಈ ಮರುಜೋಡಣೆಗೆ ನಿಮಿಷಗಳಲ್ಲ, ತಿಂಗಳುಗಳೇ ಬೇಕೆಂದು ಬಂತು. ಜೋಡಣೆ ನಡೆಯುವ ಪದರ ಬಹಳ ಉದ್ದ, ವಿಪರೀತ ತೆಳು. ಜಾತ್ರೆಯ ಜನವೆಲ್ಲ ಒಂದೇ ಕಿರುಬಾಗಿಲಿನಿಂದ ಹೊರಬರಬೇಕಾದ ಹಾಗೆ. ಸೊಗಸಾದ ಆ ಗಣಿತ ಸೋತದ್ದು ಕ್ಯಾರಿಂಗ್ಟನ್‌ನ ಗಡಿಯಾರದ ಮುಂದೆ. 1964ರಲ್ಲಿ ಹ್ಯಾರಿ ಪೆಟ್ಶೆಕ್ ಪದರವನ್ನು ಗಿಡ್ಡವಾಗಿಸಿ ವೇಗ ತಂದುಕೊಟ್ಟರು. ಆದರೆ ಎಲ್ಲೆಡೆ ಒಂದೇ ವಿದ್ಯುತ್ ರೋಧವಿದ್ದರೆ ಆ ಗಿಡ್ಡ ರೂಪ ನಿಲ್ಲದೆಂದು ಕಂಪ್ಯೂಟರ್ ಲೆಕ್ಕಗಳು ತೋರಿಸಿದವು. ಉದ್ದನೆಯ ಪದರ ತಾನಾಗಿಯೇ ಒಡೆದು ಸಣ್ಣ ಕಾಂತದ್ವೀಪಗಳ ಸರಪಳಿಯಾಗುತ್ತದೆ, ಆಗ ಬಾಗಿಲುಗಳೂ ಹಲವಾಗುತ್ತವೆ ಎಂಬುದು ಈ ಶತಮಾನದಲ್ಲಿ ಬಲಗೊಂಡ ವಿವರಣೆ.

ಐದು ನಿಮಿಷ ಕಣ್ಣಿಗೆ ಕಾಣುವ ಬೆಳಕಿನ ಆಯುಷ್ಯವಷ್ಟೆ, ಎಕ್ಸ್‌ರೇಯಲ್ಲಿ ಜ್ವಾಲೆ ಗಂಟೆಗಟ್ಟಲೆ ಉಳಿಯಬಲ್ಲದು ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಆ ದೀರ್ಘ ಹೊಳಪಿನ ಬಹುಪಾಲು ಕಾದ ಅನಿಲ ನಿಧಾನವಾಗಿ ತಣಿಯುವಾಗಿನದು. ಮೊದಲ ಸ್ಫೋಟ ನಿಮಿಷಗಳದ್ದೇ, ಸಿದ್ಧಾಂತ ಉತ್ತರಿಸಬೇಕಾದದ್ದೂ ಅದಕ್ಕೇ. ಕಲೆಗಳು ಅಲುಗದಿದ್ದುದರಿಂದ ಘಟನೆ ಅವುಗಳಿಗಿಂತ ಮೇಲೆ ನಡೆದಿರಬೇಕೆಂದು ಕ್ಯಾರಿಂಗ್ಟನ್ ಊಹಿಸಿದ್ದ. ಅವನು ಕಂಡ ಬೆಳಕು, ಮೇಲಿನಿಂದ ಧುಮುಕಿದ ಶಕ್ತಿ ಕೆಳಗಿನ ವಾತಾವರಣಕ್ಕೆ ಬಡಿದಾಗ ಹುಟ್ಟಿದ್ದು. ಆ ಮೇಲಿನ ಕುಲುಮೆಯ ಗುರುತು ಸಿಗಲು 1992ರ ಜನವರಿ 13ರವರೆಗೆ ಕಾಯಬೇಕಾಯಿತು: ಸೂರ್ಯನ ಅಂಚಿನಲ್ಲಿ ಸಿಡಿದ ಜ್ವಾಲೆಯೊಂದರಲ್ಲಿ, ಕಾಂತಕಮಾನಿನ ನೆತ್ತಿಗಿಂತಲೂ ಮೇಲೆ, ತೀವ್ರ ಎಕ್ಸ್‌ರೇಯ ಒಂದು ಚುಕ್ಕೆಯನ್ನು ಜಪಾನಿನ ಯೋಕೋ ಉಪಗ್ರಹ ಸೆರೆಹಿಡಿಯಿತು.