ಸೇರಿ, ಬಿಟ್ಟು, ಮತ್ತೆ ಸೇರಿದ ನ್ಯೂಜೆರ್ಸಿ

ವಿದ್ಯುತ್ ಸ್ಥಾವರಗಳು ಉಗುಳುವ ಇಂಗಾಲದ ಡೈಆಕ್ಸೈಡ್‌ಗೆ ಮಿತಿ ಹಾಕಿ, ಆ ಮಿತಿಯೊಳಗಿನ ಹಕ್ಕನ್ನು ಹರಾಜು ಹಾಕುವ ವ್ಯವಸ್ಥೆಯೊಂದು ಅಮೆರಿಕದ ಈಶಾನ್ಯ ರಾಜ್ಯಗಳಲ್ಲಿ 2009ರಿಂದ ನಡೆದುಬಂದಿದೆ. ರೀಜನಲ್ ಗ್ರೀನ್‌ಹೌಸ್ ಗ್ಯಾಸ್ ಇನಿಷಿಯೇಟಿವ್ ಎಂಬುದು ಅದರ ಪೂರ್ಣ ಹೆಸರು. ಆಡುಮಾತಿನಲ್ಲಿ ಅದು ‘ರೆಜಿ’. ನ್ಯೂಜೆರ್ಸಿ ರಾಜ್ಯ ಅದಕ್ಕೆ ಎರಡು ಸಲ ಸೇರಿದೆ, ನಡುವೆ ಒಂದು ಸಲ ಬಿಟ್ಟಿದೆ. ಒಂದು ರಾಜ್ಯ ಹೀಗೆ ಒಳಹೊರಗೆ ಓಡಾಡಲು ಸಾಧ್ಯವಾದದ್ದು ಹೇಗೆ ಎನ್ನುವುದಕ್ಕೆ ಉತ್ತರ ಹವಾಮಾನ ವಿಜ್ಞಾನದಲ್ಲಿಲ್ಲ, ರೆಜಿಯನ್ನು ಕಟ್ಟಿದ ಕಾನೂನಿನ ಬಗೆಯಲ್ಲಿದೆ.

ಹೊಗೆಯ ಹಕ್ಕನ್ನು ಮಾರಿಕೊಳ್ಳುವ ಕಲ್ಪನೆ ಅಮೆರಿಕಕ್ಕೆ ಹೊಸದಾಗಿರಲಿಲ್ಲ. ಆಮ್ಲಮಳೆಯನ್ನು ತಡೆಯಲು 1990ರ ಶುದ್ಧ ಗಾಳಿ ಕಾಯ್ದೆಯ ತಿದ್ದುಪಡಿ ಗಂಧಕದ ಡೈಆಕ್ಸೈಡ್‌ಗೆ ಇಂಥದೇ ಮಾರುಕಟ್ಟೆಯನ್ನು ತೆರೆದಿತ್ತು. 1999ರಲ್ಲಿ ಈಶಾನ್ಯ ರಾಜ್ಯಗಳು ತಮ್ಮತಮ್ಮಲ್ಲೇ ಸಾರಜನಕದ ಆಕ್ಸೈಡ್‌ಗಳಿಗೂ ಮಿತಿ ಹಾಕಿಕೊಂಡು ಪರ್ಮಿಟ್ ವಹಿವಾಟು ಶುರುಮಾಡಿದ್ದವು. ಲೆಕ್ಕ ಬರೆಯುವುದು, ಚಿಮಣಿಯಲ್ಲಿ ಅಳೆಯುವುದು, ವರ್ಷಾಂತ್ಯಕ್ಕೆ ತಾಳೆ ನೋಡುವುದು ಇವೆಲ್ಲ ಆ ರಾಜ್ಯಗಳ ಅಧಿಕಾರಿಗಳಿಗೆ ಆಗಲೇ ರೂಢಿಯಾಗಿತ್ತು. 2001ರಲ್ಲಿ ಅಧ್ಯಕ್ಷ ಜಾರ್ಜ್ ಬುಷ್ ಹವಾಮಾನ ಕುರಿತ ಅಂತರರಾಷ್ಟ್ರೀಯ ಕ್ಯೋಟೊ ಒಪ್ಪಂದಕ್ಕೆ ಬೆನ್ನು ತಿರುಗಿಸಿದ ಮೇಲೆ, ಕೇಂದ್ರದಿಂದ ಏನೂ ಆಗದು ಎಂಬುದು ಖಚಿತವಾಯಿತು. 2003ರ ಏಪ್ರಿಲ್‌ನಲ್ಲಿ ನ್ಯೂಯಾರ್ಕಿನ ಗವರ್ನರ್ ಜಾರ್ಜ್ ಪಟಾಕಿ ನೆರೆಯ ರಾಜ್ಯಗಳ ಗವರ್ನರುಗಳಿಗೆ ಪತ್ರ ಬರೆದು, ಇಂಗಾಲಕ್ಕೂ ಇದನ್ನೇ ಮಾಡೋಣ ಎಂದರು. ಅವರು ಬುಷ್ ಅವರದೇ ರಿಪಬ್ಲಿಕನ್ ಪಕ್ಷದವರು. ಮುಂದೆ ಇದೇ ಪಕ್ಷ ರೆಜಿಯ ಕಡುವಿರೋಧಿಯಾದದ್ದನ್ನು ನೆನೆದರೆ ಈ ಆರಂಭ ವಿಚಿತ್ರವೆನಿಸುತ್ತದೆ. ಅಮೆರಿಕದ ಗವರ್ನರ್ ನಮ್ಮ ರಾಜ್ಯಪಾಲರಂತೆ ನೇಮಕಗೊಂಡವರಲ್ಲ. ಜನರಿಂದ ನೇರವಾಗಿ ಆರಿಸಿಬಂದು ರಾಜ್ಯದ ಆಡಳಿತವನ್ನೇ ನಡೆಸುವವರು. ಹಾಗಾಗಿ ಅವರ ಒಂದು ಸಹಿಗೆ ತೂಕ ಬಹಳ.

ಆದರೆ ಸಹಿಗೂ ಒಂದು ಮಿತಿಯಿತ್ತು. ಅಮೆರಿಕದ ಸಂವಿಧಾನದ ಪ್ರಕಾರ ರಾಜ್ಯಗಳು ಕಾಂಗ್ರೆಸ್ಸಿನ ಒಪ್ಪಿಗೆಯಿಲ್ಲದೆ ಪರಸ್ಪರ ಒಡಂಬಡಿಕೆ ಮಾಡಿಕೊಳ್ಳುವಂತಿಲ್ಲ. ಆಗಿನ ಕಾಂಗ್ರೆಸ್ಸಿನಿಂದ ಅಂಥ ಒಪ್ಪಿಗೆ ಸಿಗುವ ಮಾತೇ ಇರಲಿಲ್ಲ. ಆದ್ದರಿಂದ 2005ರ ಡಿಸೆಂಬರ್ 20ರಂದು ಏಳು ರಾಜ್ಯಗಳು ಸಹಿ ಹಾಕಿದ್ದು ಕೇವಲ ಒಂದು ತಿಳುವಳಿಕೆ ಪತ್ರಕ್ಕೆ: ಕನೆಕ್ಟಿಕಟ್, ಡೆಲವೇರ್, ಮೇಯ್ನ್, ನ್ಯೂಹ್ಯಾಂಪ್‌ಶೈರ್, ನ್ಯೂಜೆರ್ಸಿ, ನ್ಯೂಯಾರ್ಕ್, ವರ್ಮಾಂಟ್. ಮಾತುಕತೆಯ ಉದ್ದಕ್ಕೂ ಕೂತಿದ್ದ ಮ್ಯಾಸಚೂಸೆಟ್ಸ್ ಮತ್ತು ರೋಡ್ ಐಲೆಂಡ್ ಕೊನೆಗಳಿಗೆಯಲ್ಲಿ ಎದ್ದುಹೋದವು. ಪರ್ಮಿಟ್ ಬೆಲೆಗೆ ಗಟ್ಟಿಯಾದ ಮೇಲ್ಮಿತಿ ಇಲ್ಲವೆಂಬುದು ಮ್ಯಾಸಚೂಸೆಟ್ಸ್ ಗವರ್ನರ್ ಮಿಟ್ ರಾಮ್ನಿಯವರ ತಕರಾರು. 2007ರ ಜನವರಿಯಲ್ಲಿ ಅವರ ಜಾಗಕ್ಕೆ ಬಂದ ಡೆವಾಲ್ ಪ್ಯಾಟ್ರಿಕ್ ಅದೇ ತಿಂಗಳು ಸಹಿ ಹಾಕಿದರು. ರೋಡ್ ಐಲೆಂಡ್ ಹಿಂಬಾಲಿಸಿತು, ಏಪ್ರಿಲ್‌ನಲ್ಲಿ ಮೇರಿಲೆಂಡ್ ಬಂತು. ರಾಜ್ಯಗಳು ಹತ್ತಾದವು.

ತಿಳುವಳಿಕೆ ಪತ್ರ ಯಾರನ್ನೂ ಕಟ್ಟಿಹಾಕುವುದಿಲ್ಲ. ಹತ್ತೂ ರಾಜ್ಯಗಳು ಒಂದು ಮಾದರಿ ನಿಯಮಾವಳಿಯನ್ನು ಮುಂದಿಟ್ಟುಕೊಂಡು ತಮ್ಮತಮ್ಮ ನಿಯಮಾವಳಿಯನ್ನು ಬರೆದುಕೊಂಡವು, ಪರಸ್ಪರರ ಪರ್ಮಿಟ್‌ಗಳನ್ನು ಒಪ್ಪಿಕೊಂಡವು. ಹರಾಜು ನಡೆಸಲು, ಲೆಕ್ಕ ಇಡಲು ಲಾಭರಹಿತ ಸಂಸ್ಥೆಯೊಂದು ಹುಟ್ಟಿತು. ಯಾರನ್ನೂ ದಂಡಿಸುವ ಅಧಿಕಾರ ಅದಕ್ಕಿಲ್ಲ. ಕೇಂದ್ರದ ನೆರವಿಲ್ಲದೆ ಬೇಗ ಶುರುಮಾಡಲು ಇದಕ್ಕಿಂತ ಸುಲಭದ ದಾರಿ ಇರಲಿಲ್ಲ. ಬಿಟ್ಟುಹೋಗುವ ದಾರಿಯನ್ನೂ ಅದು ಅಷ್ಟೇ ಸುಲಭವಾಗಿಟ್ಟಿತು.

ಕೆಲಸ ನಡೆಯುವ ಬಗೆ ಹೀಗೆ. ಕಲ್ಲಿದ್ದಲು, ತೈಲ ಅಥವಾ ಅನಿಲ ಸುಡುವ, 25 ಮೆಗಾವಾಟ್ ಅಥವಾ ಅದಕ್ಕೂ ಹೆಚ್ಚಿನ ಸಾಮರ್ಥ್ಯದ ಸ್ಥಾವರಗಳಷ್ಟೇ ಇದರ ಹಿಡಿತಕ್ಕೆ ಬರುತ್ತವೆ. ವಾಹನ, ಕಾರ್ಖಾನೆ, ಮನೆಯ ಒಲೆ ಯಾವುದೂ ಇಲ್ಲ. ಒಂದು ಪರ್ಮಿಟ್ ಎಂದರೆ ಒಂದು ಶಾರ್ಟ್ ಟನ್, ಅಂದರೆ ಸುಮಾರು 907 ಕಿಲೋ ಇಂಗಾಲದ ಡೈಆಕ್ಸೈಡನ್ನು ಗಾಳಿಗೆ ಬಿಡುವ ಹಕ್ಕು. ಮೂರು ತಿಂಗಳಿಗೊಮ್ಮೆ ಹರಾಜು. ಬಿಡ್ ಸಲ್ಲಿಸುವವರು ಇಷ್ಟು ಸಾವಿರ ಪರ್ಮಿಟ್, ಇಷ್ಟು ಬೆಲೆ ಎಂದು ಗುಟ್ಟಾಗಿ ಬರೆದುಕೊಡುತ್ತಾರೆ. ಅತಿ ಹೆಚ್ಚು ಬೆಲೆಯಿಂದ ಕೆಳಕ್ಕೆ ಜೋಡಿಸುತ್ತಾ ಹೋಗಿ, ಮಾಲು ತೀರುವ ಹಂತದ ಬೆಲೆಯನ್ನೇ ಗೆದ್ದವರೆಲ್ಲರೂ ಕೊಡಬೇಕು. ಒಂದು ಕನಿಷ್ಠ ಬೆಲೆಯೂ ಇದೆ, ಅದರ ಕೆಳಗೆ ಮಾರುವುದಿಲ್ಲ. ಯುರೋಪಿನ ಇಂಥದೇ ಇಂಗಾಲ ಮಾರುಕಟ್ಟೆಯ ಆರಂಭದ ವರ್ಷಗಳಲ್ಲಿ ಪರ್ಮಿಟ್‌ಗಳನ್ನು ಕಂಪನಿಗಳಿಗೆ ಬಹುಪಾಲು ಪುಕ್ಕಟೆ ಹಂಚಿ, ಕಂಪನಿಗಳು ಅದರ ಬೆಲೆಯನ್ನು ಗ್ರಾಹಕರ ಬಿಲ್ಲಿಗೆ ಸೇರಿಸಿ ಲಾಭ ಮಾಡಿಕೊಂಡದ್ದನ್ನು ರೆಜಿಯವರು ನೋಡಿದ್ದರು. ಹೀಗಾಗಿ ಬಹುಪಾಲು ಪರ್ಮಿಟ್‌ಗಳನ್ನು ಹರಾಜಿನಲ್ಲೇ ಮಾರಬೇಕೆಂದು ಮೊದಲೇ ತೀರ್ಮಾನಿಸಿದರು. ಬಂದ ಹಣ ರಾಜ್ಯಗಳಿಗೆ ಸೇರುತ್ತದೆ. ಆ ಹಣವೇ ಮುಂದೆ ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ಕಾರಣವಾಯಿತು.

2008ರ ಸೆಪ್ಟೆಂಬರ್ 25ರಂದು ಮೊದಲ ಹರಾಜು. ಸುಮಾರು 1.25 ಕೋಟಿ ಪರ್ಮಿಟ್‌ಗಳು ತಲಾ 3.07 ಡಾಲರಿಗೆ ಹೋಗಿ 3.85 ಕೋಟಿ ಡಾಲರ್ ಬಂತು. ನ್ಯೂಜೆರ್ಸಿಯ ನಿಯಮಾವಳಿ ಸಿದ್ಧವಾಗಿರದ ಕಾರಣ ಅದು ಡಿಸೆಂಬರ್‌ನ ಎರಡನೆಯ ಹರಾಜಿಗೆ ಬಂತು.

ನ್ಯೂಜೆರ್ಸಿ ತಡವಾಗಿ ಬಂದದ್ದು ಆಸಕ್ತಿಯಿಲ್ಲದೆ ಅಲ್ಲ. ರಿಚರ್ಡ್ ಕೋಡಿ ಹಂಗಾಮಿ ಗವರ್ನರ್ ಆಗಿದ್ದ 2005ರಲ್ಲೇ ರಾಜ್ಯವು ಇಂಗಾಲದ ಡೈಆಕ್ಸೈಡನ್ನು ಗಾಳಿ ಕೆಡಿಸುವ ವಸ್ತುವೆಂದು ನಿಯಮದಲ್ಲಿ ಸೇರಿಸಿತ್ತು. ಜಾನ್ ಕಾರ್ಜೈನ್ 2007ರ ಜುಲೈನಲ್ಲಿ ಹವಾಮಾನ ಕಾಯ್ದೆಯೊಂದಕ್ಕೆ, 2008ರ ಜನವರಿಯಲ್ಲಿ ಹರಾಜಿನ ಹಣಕ್ಕೆ ನಿಧಿ ರೂಪಿಸುವ ಕಾಯ್ದೆಗೆ ಸಹಿ ಹಾಕಿದರು. ಆ ಕಾಯ್ದೆ ಹಣವನ್ನು ಕೈಗಾರಿಕೆಗಳ ಇಂಧನ ಉಳಿತಾಯಕ್ಕೆ, ಬಡವರ ವಿದ್ಯುತ್ ವೆಚ್ಚಕ್ಕೆ, ಸ್ಥಳೀಯ ಸಂಸ್ಥೆಗಳಿಗೆ, ಕಾಡು ಮತ್ತು ಉಪ್ಪುನೀರಿನ ಜೌಗುನೆಲಗಳ ರಕ್ಷಣೆಗೆ ಇಂತಿಷ್ಟು ಪಾಲೆಂದು ಹಂಚಿತ್ತು. ಹತ್ತು ರಾಜ್ಯಗಳ ಒಟ್ಟು ಮಿತಿ ವರ್ಷಕ್ಕೆ 18.8 ಕೋಟಿ ಟನ್; ಅದರಲ್ಲಿ ನ್ಯೂಜೆರ್ಸಿಯ ಪಾಲು ಸುಮಾರು 2.29 ಕೋಟಿ.

ಆ ಮಿತಿಯೇ ಸಡಿಲವಾಗಿತ್ತು. 2008ರ ಆರ್ಥಿಕ ಕುಸಿತದಿಂದ ವಿದ್ಯುತ್ ಬೇಡಿಕೆ ಇಳಿಯಿತು, ಅಗ್ಗದ ನೈಸರ್ಗಿಕ ಅನಿಲ ಕಲ್ಲಿದ್ದಲನ್ನು ಬದಿಗೆ ಸರಿಸಿತು. 2009ರಲ್ಲಿ ಹೊರಬಿದ್ದ ಇಂಗಾಲದ ಡೈಆಕ್ಸೈಡ್ ಮಿತಿಗಿಂತ ಮೂರನೆಯ ಒಂದು ಭಾಗದಷ್ಟು ಕಡಿಮೆ. ಬೇಡದ ಸರಕಿಗೆ ಬೆಲೆ ಎಲ್ಲಿಯದು? 2010ರ ಸೆಪ್ಟೆಂಬರ್‌ನ ಹೊತ್ತಿಗೆ ಪರ್ಮಿಟ್ 1.86 ಡಾಲರಿನ ಕನಿಷ್ಠ ಬೆಲೆಗೆ ಬಂದು ನಿಂತಿತ್ತು. ಅದೇ ವರ್ಷ ಗವರ್ನರ್ ಹುದ್ದೆಗೆ ಬಂದ ಕ್ರಿಸ್ ಕ್ರಿಸ್ಟಿ ಬಜೆಟ್ಟಿನ ತೂತು ಮುಚ್ಚಲು ರೆಜಿ ನಿಧಿಯಿಂದ 6.5 ಕೋಟಿ ಡಾಲರ್ ತೆಗೆದುಕೊಂಡರು. ನಿಧಿಯ ಹಣ ನಿಧಿಯ ಕೆಲಸಕ್ಕೆ ಹೋಗದೆ ಖಜಾನೆಗೆ ಹೋದಾಗ, ಇದು ಪರಿಸರದ ಹೆಸರಿನ ತೆರಿಗೆ ಎಂಬ ವಿರೋಧಿಗಳ ಮಾತಿಗೆ ಬಲ ಬಂತು.

2011ರ ಮೇ 26ರಂದು ಕ್ರಿಸ್ಟಿ, ವರ್ಷದ ಕೊನೆಗೆ ನ್ಯೂಜೆರ್ಸಿ ರೆಜಿಯಿಂದ ಹೊರಬರುವುದೆಂದು ಪ್ರಕಟಿಸಿದರು. ಹವಾಮಾನ ಬದಲಾಗುತ್ತಿರುವುದು ನಿಜ, ಅದರಲ್ಲಿ ಮನುಷ್ಯರ ಕೈವಾಡವೂ ನಿಜ ಎಂದು ಒಪ್ಪಿಕೊಂಡೇ ಅವರು ಹೀಗೆ ಹೇಳಿದ್ದು. ಪರ್ಮಿಟ್ ಇಷ್ಟು ಅಗ್ಗವಾದರೆ ಯಾವ ಸ್ಥಾವರವೂ ತನ್ನ ನಡತೆ ಬದಲಿಸುವುದಿಲ್ಲ, ಜನರ ಬಿಲ್ಲಿಗೆ ಹೊರೆ ಮಾತ್ರ ಉಳಿಯುತ್ತದೆ ಎಂಬುದು ಅವರ ವಾದ. ಅದರ ಮೊದಲರ್ಧ ತಪ್ಪೇನಲ್ಲ. ಆದರೆ ಸಡಿಲವಾದ ಮಿತಿಗೆ ಮದ್ದು ಮಿತಿಯನ್ನು ಬಿಗಿಗೊಳಿಸುವುದು. ಉಳಿದ ಒಂಬತ್ತು ರಾಜ್ಯಗಳು ಹಿಡಿದ ದಾರಿ ಅದೇ. ನ್ಯೂಜೆರ್ಸಿ ಹೋದಮೇಲೆ 16.5 ಕೋಟಿ ಟನ್‌ಗೆ ಇಳಿದಿದ್ದ ಒಟ್ಟು ಮಿತಿಯನ್ನು ಅವು 2014ರಿಂದ ಒಮ್ಮೆಲೇ 9.1 ಕೋಟಿಗೆ ಇಳಿಸಿ, ವರ್ಷವರ್ಷವೂ ಶೇ 2.5ರಷ್ಟು ಕಡಿಮೆ ಮಾಡುತ್ತಾ ಹೋದವು. ಕ್ರಿಸ್ಟಿ ಆಗ ರಿಪಬ್ಲಿಕನ್ ಪಕ್ಷದಿಂದ ಅಧ್ಯಕ್ಷ ಪದವಿಗೆ ಕೇಳಿಬರುತ್ತಿದ್ದ ಹೆಸರು ಎಂಬುದನ್ನೂ ಮರೆಯುವಂತಿಲ್ಲ.

ನ್ಯೂಜೆರ್ಸಿಯ ಶಾಸನಸಭೆ ರೆಜಿಯಲ್ಲೇ ಉಳಿಯಬೇಕೆಂದು ಮತ್ತೆ ಮತ್ತೆ ಮಸೂದೆ ಮಾಡಿತು. ಕ್ರಿಸ್ಟಿ ವೀಟೊ ಹಾಕಿದರು. ನ್ಯೂಹ್ಯಾಂಪ್‌ಶೈರ್‌ನಲ್ಲಿ 2011ರಲ್ಲೇ ಆದದ್ದು ಇದರ ಉಲ್ಟಾ. ಅಲ್ಲಿ ಬಿಟ್ಟುಬಿಡೋಣವೆಂದದ್ದು ಶಾಸನಸಭೆ, ವೀಟೊ ಹಾಕಿ ಉಳಿಸಿದವರು ಗವರ್ನರ್ ಜಾನ್ ಲಿಂಚ್. ಪರಿಸರ ಸಂಘಟನೆಗಳು ನ್ಯೂಜೆರ್ಸಿಯ ಹೊರನಡೆಯನ್ನು ನ್ಯಾಯಾಲಯಕ್ಕೆ ಒಯ್ದವು. 2014ರ ಮಾರ್ಚ್‌ನಲ್ಲಿ ರಾಜ್ಯದ ಮೇಲ್ಮನವಿ ನ್ಯಾಯಾಲಯ ಕೊಟ್ಟ ತೀರ್ಪು ರೆಜಿ ಒಳ್ಳೆಯದೋ ಕೆಟ್ಟದ್ದೋ ಎಂಬ ಗೊಡವೆಗೆ ಹೋಗಲಿಲ್ಲ. ಸಾರ್ವಜನಿಕ ಪ್ರಕಟಣೆ ಹೊರಡಿಸಿ, ಜನರ ಅಹವಾಲು ಕೇಳಿ ರೂಪಿಸಿದ ನಿಯಮಾವಳಿಯನ್ನು ರದ್ದು ಮಾಡುವಾಗಲೂ ಅದೇ ಕ್ರಮ ಅನುಸರಿಸಬೇಕು, ಸರ್ಕಾರ ಬರಿದೇ ಘೋಷಿಸಿ ಕೈಬಿಡಲಾಗದು ಎಂದಿತು. ಸರ್ಕಾರ ಆ ವಿಧಿಯನ್ನು ಪೂರೈಸಿ 2015ರಲ್ಲಿ ನಿಯಮಗಳನ್ನು ಕ್ರಮಬದ್ಧವಾಗಿ ಕಿತ್ತುಹಾಕಿತು. ಗೆದ್ದವರಿಗೆ ಫಲವೇನೂ ಸಿಗಲಿಲ್ಲ.

ರೆಜಿಯ ಹೊರಗಿದ್ದ ಎಂಟು ವರ್ಷಗಳಲ್ಲಿ ಕಲ್ಲಿದ್ದಲು ಉಳಿಯಿತೇ ಎಂದರೆ ಅದೂ ಇಲ್ಲ. ಜೆರ್ಸಿ ಸಿಟಿಯ ಹಡ್ಸನ್ ಮತ್ತು ಟ್ರೆಂಟನ್ ಬಳಿಯ ಮರ್ಸರ್ ಎಂಬ ಎರಡು ದೊಡ್ಡ ಕಲ್ಲಿದ್ದಲು ಸ್ಥಾವರಗಳು 2017ರ ಜೂನ್ 1ರಂದು ಮುಚ್ಚಿದವು. ಅಗ್ಗದ ಅನಿಲದೆದುರು ಅವು ನಿಲ್ಲಲಾರದಾಗಿದ್ದವು. ಮಾರನೆಯ ವರ್ಷದ ಸೆಪ್ಟೆಂಬರ್‌ನಲ್ಲಿ ಆಯ್ಸ್ಟರ್ ಕ್ರೀಕ್ ಅಣುಸ್ಥಾವರವೂ ನಿಂತಿತು. ಇಂಗಾಲ ಬಿಡದ ಆ ಸ್ಥಾವರ ಹೋದದ್ದು ಅನಿಲಕ್ಕೆ ಇನ್ನಷ್ಟು ಜಾಗ ಮಾಡಿಕೊಟ್ಟಿತು.

2018ರ ಜನವರಿಯಲ್ಲಿ ಗವರ್ನರ್ ಆದ ಫಿಲ್ ಮರ್ಫಿ, ಅಧಿಕಾರ ವಹಿಸಿಕೊಂಡು ಎರಡು ವಾರ ಕಳೆಯುವ ಮೊದಲೇ, 29ರಂದು, ರೆಜಿಗೆ ಮರಳಲು ಆದೇಶ ಹೊರಡಿಸಿದರು. ಆದೇಶಕ್ಕೆ ಒಂದು ದಿನ ಸಾಕಾಯಿತು. ನಿಯಮಾವಳಿಗೆ ಸುಮಾರು ಒಂದೂವರೆ ವರ್ಷ ಬೇಕಾಯಿತು. ಜಗ್ಗಾಟ ನಡೆದದ್ದು ಮುಖ್ಯವಾಗಿ 2020ರ ಆರಂಭಿಕ ಮಿತಿಯ ಸುತ್ತ. ಮಿತಿ ದೊಡ್ಡದಾದರೆ ಹೆಚ್ಚುವರಿ ಪರ್ಮಿಟ್‌ಗಳು ಇಡೀ ಮಾರುಕಟ್ಟೆಯಲ್ಲಿ ಬೆಲೆ ಇಳಿಸುತ್ತವೆ, ಹಾಗಾಗಿ ಅದು ನೆರೆರಾಜ್ಯಗಳ ಚಿಂತೆಯೂ ಹೌದು. ಪರಿಸರವಾದಿಗಳು ಇನ್ನೂ ಕಡಿಮೆ ಕೇಳಿದ್ದರು, ಸರ್ಕಾರ 1.8 ಕೋಟಿ ಟನ್ ಎಂದು ನಿಗದಿಮಾಡಿ, 2030ರವರೆಗೆ ವರ್ಷಕ್ಕೆ ಶೇ 3ರಂತೆ ಇಳಿಸುವುದಾಗಿ ಹೇಳಿತು. 2019ರ ಜೂನ್ 17ರಂದು ನಿಯಮಗಳು ಅಂಗೀಕಾರವಾದವು. 2020ರ ಜನವರಿ 1ರಂದು ರಾಜ್ಯ ಮತ್ತೆ ಒಳಬಂತು. ಆ ಮಾರ್ಚ್‌ನ ಹರಾಜಿನಲ್ಲಿ ಪರ್ಮಿಟ್ ಬೆಲೆ 5.65 ಡಾಲರ್, 2021ರ ಡಿಸೆಂಬರ್‌ನಲ್ಲಿ 13. ಇನ್ನೊಂದು ಆಕ್ಷೇಪ ಬಗೆಹರಿಯದೆ ಉಳಿಯಿತು. ಮಿತಿ ಇರುವುದು ಇಡೀ ಪ್ರದೇಶಕ್ಕೆ, ಒಂದೊಂದು ಚಿಮಣಿಗಲ್ಲ. ಹಣ ಕೊಟ್ಟು ಪರ್ಮಿಟ್ ಕೊಂಡ ಸ್ಥಾವರ ನುವಾರ್ಕ್‌ನಂಥ ನಗರದ ಬಡ ಕೇರಿಯ ಪಕ್ಕದಲ್ಲಿ ಮೊದಲಿನಂತೆಯೇ ಹೊಗೆ ಬಿಡಬಹುದು.

ಹೊರಗಿನಿಂದ ಬರುವ ವಿದ್ಯುತ್ತಿನ ಪ್ರಶ್ನೆಯೂ ಇದೆ. ನ್ಯೂಜೆರ್ಸಿಯ ತಂತಿಜಾಲ 1927ರಿಂದ ಪೆನ್ಸಿಲ್ವೇನಿಯದ ಜೊತೆ ಕೂಡಿಕೊಂಡಿದೆ. ಇಂದು 13 ರಾಜ್ಯಗಳಿಗೆ ಹರಡಿರುವ ಪಿಜೆಎಂ ಜಾಲದ ಬೇರು ಅಲ್ಲಿಯದು. ಜಾಲದ ಬಹುಪಾಲು ರಾಜ್ಯಗಳು ರೆಜಿಯಲ್ಲಿಲ್ಲ. ಇಲ್ಲಿನ ಸ್ಥಾವರಕ್ಕೆ ಪರ್ಮಿಟ್ ಖರ್ಚು, ಗಡಿಯಾಚೆಯ ಸ್ಥಾವರಕ್ಕೆ ಅದಿಲ್ಲ ಎಂದಾದರೆ ಉತ್ಪಾದನೆ ಆಚೆಗೆ ಜಾರುತ್ತದೆ. ಪೆನ್ಸಿಲ್ವೇನಿಯ ಸೇರಿದ್ದರೆ ಈ ಸೋರಿಕೆಯ ದೊಡ್ಡ ಕಂಡಿಯೊಂದು ಮುಚ್ಚುತ್ತಿತ್ತು. ಅಲ್ಲಿನ ಗವರ್ನರ್ ಟಾಮ್ ವುಲ್ಫ್ 2019ರ ಅಕ್ಟೋಬರ್‌ನಲ್ಲಿ ಆದೇಶಿಸಿ, 2022ರಲ್ಲಿ ನಿಯಮವನ್ನೂ ಪ್ರಕಟಿಸಿದರು. ಆದರೆ ಶಾಸನಸಭೆಯ ಒಪ್ಪಿಗೆಯಿಲ್ಲದೆ ಹಾಕಿದ ತೆರಿಗೆ ಇದೆಂದು 2023ರ ನವೆಂಬರ್‌ನಲ್ಲಿ ರಾಜ್ಯದ ನ್ಯಾಯಾಲಯ ಅದನ್ನು ಹೊಡೆದುಹಾಕಿತು. 2025ರ ನವೆಂಬರ್‌ನಲ್ಲಿ ಬಜೆಟ್ ರಾಜಿಯ ಭಾಗವಾಗಿ ನಿಯಮವೇ ರದ್ದಾಯಿತು. ವರ್ಜೀನಿಯದ ಕಥೆ ಇದಕ್ಕೆ ತದ್ವಿರುದ್ಧ. 2020ರಲ್ಲಿ ಶಾಸನಸಭೆಯೇ ಕಾಯ್ದೆ ಮಾಡಿ ಮಾರನೆಯ ವರ್ಷ ಸೇರಿಸಿದ್ದನ್ನು, ಗವರ್ನರ್ ಗ್ಲೆನ್ ಯಂಗ್‌ಕಿನ್ ಆಡಳಿತ ನಿಯಮ ಬದಲಿಸಿ 2023ರ ಕೊನೆಗೆ ಹೊರತಂದಿತು. ಕಾಯ್ದೆಯಿಂದ ಬಂದದ್ದನ್ನು ನಿಯಮದಿಂದ ತೆಗೆಯಲಾಗದು ಎಂದು 2024ರಲ್ಲಿ ಅಲ್ಲಿನ ಕೆಳ ನ್ಯಾಯಾಲಯ ಹೇಳಿತು.

ನ್ಯೂಜೆರ್ಸಿಯಲ್ಲಿ ಕೊನೆಯ ಎರಡು ಕಲ್ಲಿದ್ದಲು ಸ್ಥಾವರಗಳಾದ ಲೋಗನ್ ಮತ್ತು ಚೇಂಬರ್ಸ್ 2022ರಲ್ಲಿ ಮುಚ್ಚಿದವು. 2025ರ ಜೂನ್‌ನಿಂದ ಮನೆಗಳ ವಿದ್ಯುತ್ ಬಿಲ್ ಶೇ 17ರಿಂದ 20ರಷ್ಟು ಏರಿದಾಗ ರೆಜಿ ಮತ್ತೆ ಚುನಾವಣೆಯ ಮಾತಾಯಿತು. ಏರಿಕೆಗೆ ಮುಖ್ಯ ಕಾರಣ, ಮುಂದೆ ಬೇಕಾಗುವ ಉತ್ಪಾದನಾ ಸಾಮರ್ಥ್ಯವನ್ನು ಮೊದಲೇ ಕಾಯ್ದಿರಿಸಲು ಪಿಜೆಎಂ ಜಾಲ ನಡೆಸುವ ಹರಾಜು. ಅಲ್ಲಿ ದಿನದ ಒಂದು ಮೆಗಾವಾಟ್‌ನ ಬೆಲೆ 28.92 ಡಾಲರಿನಿಂದ 269.92 ಡಾಲರಿಗೆ ಹಾರಿತ್ತು. ಆದರೂ ರಿಪಬ್ಲಿಕನ್ ಅಭ್ಯರ್ಥಿ ಜ್ಯಾಕ್ ಚಟರೆಲಿ ಗೆದ್ದರೆ ರಾಜ್ಯವನ್ನು ರೆಜಿಯಿಂದ ಹೊರತರುವುದಾಗಿ ಮಾತು ಕೊಟ್ಟರು. ನವೆಂಬರ್‌ನಲ್ಲಿ ಗೆದ್ದವರು ಡೆಮಾಕ್ರಟಿಕ್ ಪಕ್ಷದ ಮಿಕಿ ಶೆರಿಲ್.